ಬೆಟಗೇರಿಯ ವಿಳಾಸ

ಬೆಟಗೇರಿ
ತಾ. ೪ ಆಗಸ್ಟ್ ೧೯೪೭

ಮಾನ್ಯ ಡಾಕ್ಟರ್ ಹಳದೀಪುರ ಸಾಹೇಬರಿಗೆ ದೇವೇಂದ್ರಪ್ಪನ ಶರಣಾರ್ಥಿಗಳು.

‘ವಿಥ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್’ ಎಂದು ಒಂದು ಹಾಳೆಯಲ್ಲಿ ಶುರು ಮಾಡಿದೆ. ಮುಂದಿನ ಇಂಗ್ಲಿಷು ಕೈಕೊಟ್ಟಿತು. ಧಾರವಾಡದ ಕಾಲೇಜಿನಲ್ಲಿ ಪ್ರೀವಿಯಸ್ ಕ್ಲಾಸನ್ನೇ ಎರಡು ವರ್ಷ ಓದಿದವನು ನಾನು. ಮೊದಲ ವರ್ಷ ಮಲೇರಿಯಾ ಕೆಡಿಸಿತು, ಎರಡನೇ ವರ್ಷ ಲಾಜಿಕ್ಕು. ತಾವು ಕಾರವಾರದ ಕಡೆಯವರು, ಕನ್ನಡ ಬಲ್ಲಿರಿ ಎಂದು ನಮ್ಮ ವಕೀಲರು ಹೇಳಿದ ಮೇಲೆ ಧೈರ್ಯ ಬಂತು.

ತಮ್ಮ ಆಸ್ಪತ್ರೆಯಲ್ಲಿರುವ ಸಂಗಪ್ಪ ಮಾಸ್ತರನಿಗೆ ನಾನು ಭಾವ. ಅವನ ಅಕ್ಕ ಸುಮಿತ್ರವ್ವನ ಗಂಡ. ಗಂಡನಾಗಿದ್ದೆ ಅನ್ನಬೇಕು. ಯುಗಾದಿಯ ಹಿಂದಿನ ವಾರ ಆಕೆ ಜ್ವರ ಬಂದು ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಸಂಗಪ್ಪನಿಗೆ ತಂದೆ ತಾಯಿ ಇಲ್ಲ. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆಕೆಯೇ. ನನ್ನ ಚಿಂತೆ ಬೇಡ. ಮನೆ ತುಂಬ ಮಂದಿ ಬರುತ್ತಾರೆ, ಹೋಗುತ್ತಾರೆ. ಸುಖವಾಗಿದ್ದೇನೆ.

ಅವನ ಬೇನೆ ಶುರುವಾದದ್ದು ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ. ಶಾಲೆಗೆ ರಜೆ. ಇವನು ಮಾತ್ರ ದಿನಾ ಹೋಗಿ, ಬೀಗ ಹಾಕಿದ ಶಾಲೆಯ ಕಟ್ಟೆಯ ಮೇಲೆ ನಿಂತು, ಖಾಲಿ ಅಂಗಳಕ್ಕೆ ಭೂಗೋಳ ಹೇಳುತ್ತಿದ್ದ. ಊಟ ಬಿಟ್ಟ, ನಿದ್ದೆ ಬಿಟ್ಟ. ಒಂದು ದಿನ ಸುಮಿತ್ರವ್ವನನ್ನು ಹೊಸ್ತಿಲಲ್ಲಿ ತಡೆದು, “ಯಾರವಾ ನೀ? ಯಾರ್ ಬೇಕಾಗಿತ್ತು?” ಅಂದ. ನಾನು ಗದಗಿನ ವಕೀಲರ ಬಳಿ ಓಡಿದೆ.

ಹಾಳೆ ಬೆಳೆಯುತ್ತಿದೆ, ಕ್ಷಮಿಸಬೇಕು. ಆದರೆ ಒಂದು ಮಾತು ತಮ್ಮಂಥವರಲ್ಲಿ ಮುಚ್ಚಿಡಬಾರದು. ನಮ್ಮ ಸೀಮೆಯ ಗೊಂದಲ ತಮಗೆ ತಿಳಿಯದು. ನಮ್ಮೂರು ಲಕ್ಷ್ಮೇಶ್ವರ, ಮಿರಜ ಸಂಸ್ಥಾನದ್ದು. ಪಕ್ಕದ ಶಿರಹಟ್ಟಿಗೆ ಹೋದರೆ ಸಾಂಗಲಿಯ ರಾಜ್ಯ. ಗದಗಿಗೆ ಹೋದರೆ ಇಂಗ್ಲಿಷರದು. ಮುಂಡರಗಿ ದಾಟಿ ಹೊಳೆ ಇಳಿದರೆ ನಿಜಾಮನದು. ಹೋದ ತಿಂಗಳು ನನ್ನ ಎಮ್ಮೆ ಹಗ್ಗ ಹರಕೊಂಡು ಶಿರಹಟ್ಟಿ ಸೀಮೆಗೆ ಹೋಯಿತು. ಅದನ್ನು ಬಿಡಿಸಿಕೊಳ್ಳಲು ಎರಡು ಸಂಸ್ಥಾನದ ಕಾಗದ ಬೇಕಂತೆ. ಇನ್ನೂ ದೊಡ್ಡಿಯಲ್ಲೇ ಇದೆ, ಹಾಲು ಯಾರು ಕರೆಯುತ್ತಾರೋ! ಎಮ್ಮೆಯ ಗತಿ ಹೀಗಾದರೆ ಮನುಷ್ಯನದು? ವಕೀಲರು, “ಪರರಾಜ್ಯದ ಪ್ರಜಾಕ್ಕ ಇಲ್ಲಿಯ ಮ್ಯಾಜಿಸ್ಟ್ರೇಟ್ ಸಾಹೇಬರು ಹುಚ್ಚಾಸ್ಪತ್ರಿಗೆ ಸೇರಸೂ ಆರ್ಡರ್ ಬರಿಯೂದಿಲ್ರಿ. ಬೆಟಗೇರ್ಯಾಗ ನಿಮ್ಮ ಪೈಕಿ ಯಾರರ ಅದಾರೇನು?” ಎಂದರು. ನಮ್ಮ ನೆರೆಮನೆಯ ಜನ್ನತಬಿಯ ಅಣ್ಣ ನಜೀರಸಾಬ ಬೆಟಗೇರಿಯ ನೇಕಾರ. ಅವನ ಮನೆಯ ವಿಳಾಸವನ್ನೇ ಸಂಗಪ್ಪನದೆಂದು ಬರೆಸಿದೆವು. ಹತ್ತಿರದಲ್ಲಿ ಜಾಗ ಸಿಗದೆ ಅಷ್ಟು ದೂರದ ಮರಾಠಿ ಸೀಮೆಗೆ, ತಮ್ಮಲ್ಲಿಗೆ ಕಳಿಸಿದರು. ಖರೆ ನೋಡಿದರೆ ಸಂಗಪ್ಪನ ಊರು ಬೆಟಗೇರಿ ಅಲ್ಲ, ಲಕ್ಷ್ಮೇಶ್ವರ. ಈ ಪತ್ರದ ಮೇಲೆ ಬೆಟಗೇರಿ ಎಂದು ಹಾಕಿದ್ದೂ ಅದೇ ಕಾರಣಕ್ಕೆ. ತಮ್ಮ ಉತ್ತರ ನಜೀರಸಾಬನ ಮನೆಗೆ ಬಂದರೆ, ಅವನು ಸಂತೆಗೆ ಬರುವಾಗ ನನಗೆ ತಂದುಕೊಡುತ್ತಾನೆ.

ಕೊನೆಗೆ ಎರಡು ಬೇಡಿಕೆ. ಅಕ್ಕ ಹೋದದ್ದನ್ನು ಅವನಿಗೆ ಹೇಳಬೇಡಿ. ಮತ್ತು ಅವನು ಎಂದು ಮನೆಗೆ ಬರುತ್ತಾನೆ, ತಿಳಿಸಿ.

ಯುವರ್ ಮೋಸ್ಟ್ ಒಬಿಡಿಯಂಟ್,
ದೇವೇಂದ್ರಪ್ಪ


ಮನೋರೋಗ ಆಸ್ಪತ್ರೆ, ವೈದ್ಯರ ಬಿಡಾರ
ತಾ. ೧೧ ಸೆಪ್ಟೆಂಬರ್ ೧೯೪೭

ಶ್ರೀ ದೇವೇಂದ್ರಪ್ಪನವರಿಗೆ, ವಂದನೆಗಳು.

ನಿಮ್ಮ ದೀರ್ಘ ಪತ್ರ ತಲುಪಿತು. ಪತ್ನೀವಿಯೋಗದ ಸುದ್ದಿ ತಿಳಿದು ವ್ಯಥೆಯಾಯಿತು. ಇಲ್ಲಿ ನಾನೂರು ರೋಗಿಗಳಿಗೆ ನಾವು ಇಬ್ಬರು ವೈದ್ಯರು. ಮುಖ್ಯ ಸಂಗತಿಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ.

ಸಂಗಪ್ಪನವರು ಬಹಳ ಸುಧಾರಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ, ಔಷಧವಿಲ್ಲದೆ ನಿದ್ದೆ ಬರುತ್ತಿದೆ. ಕೈಮಗ್ಗದ ಶೆಡ್ಡಿನಲ್ಲಿ ಟವೆಲ್ ನೇಯುವುದನ್ನು ಕಲಿತಿದ್ದಾರೆ. ಆದರೆ ಒಂದು ಭ್ರಮೆ ಉಳಿದಿದೆ. ರೋಗಿಗೆ ತಾನು ಯಾರು, ತನ್ನ ಊರು ಯಾವುದು, ಯಾರ ಆಡಳಿತದಲ್ಲಿದ್ದೇನೆ ಎಂಬ ಅರಿವು ಇದೆಯೇ ಎಂದು ನಾವು ಪ್ರತಿ ತಿಂಗಳು ಕೇಳಿ ಬರೆದುಕೊಳ್ಳಬೇಕು. ಅವರ ಉತ್ತರ ಹೀಗಿದೆ:

“ಊರು?”

“ಲಕ್ಷ್ಮೇಶ್ವರ್ರಿ.”

“ಬೆಟಗೇರಿ ಅಲ್ಲವೇ?”

“ಅಲ್ರಿ. ಬೆಟಗೇರ್ಯಾಗ ನನಗ ಮನಿ ಇಲ್ಲ, ಮಾರು ಇಲ್ಲ. ನಮ್ಮ ಭಾವ ಸುಳ್ಳ ಬರಸ್ಯಾರ.”

“ಯಾರ ಆಳ್ವಿಕೆ?”

“ಮಿರಜ ರಾಜರದು. ನನಗ ಪಗಾರ ಕೊಡೋರು ಅವರ.”

ಸ್ವಂತ ಮನೆಯನ್ನು ನಿರಾಕರಿಸುವುದು, ಹತ್ತಿರದವರ ಮೇಲೆ ಸಂಶಯ, ರಾಜನ ಸೇವಕನೆಂಬ ಭಾವನೆ. ಇವು ಹೋಗುವ ತನಕ ಬಿಡುಗಡೆಗೆ ಶಿಫಾರಸು ಮಾಡುವುದು ಕಷ್ಟ. ಬಿಡುಗಡೆಯನ್ನು ತೀರ್ಮಾನಿಸುವ ಸಂದರ್ಶಕರ ಸಮಿತಿ ಡಿಸೆಂಬರಿನಲ್ಲಿ ಕೂಡುತ್ತದೆ. ಅವರೂ ಇದನ್ನೇ ಕೇಳುತ್ತಾರೆ.

ಅಕ್ಕನ ವಿಷಯವನ್ನು ನಾನಾಗಿ ಹೇಳುವುದಿಲ್ಲ. ಅವರೇ ಕೇಳಿದರೆ ಸುಳ್ಳನ್ನೂ ಹೇಳಲಾರೆ.

ದ. ಹಳದೀಪುರ


ಬೆಟಗೇರಿ
ತಾ. ೨೦ ಅಕ್ಟೋಬರ್ ೧೯೪೭

ಡಾಕ್ಟರ್ ಸಾಹೇಬರಿಗೆ ಶರಣಾರ್ಥಿ.

ತಮ್ಮ ಪತ್ರವನ್ನು ಮೂರು ಸಲ ಓದಿದೆ, ಮೂರನೇ ಸಲಕ್ಕೆ ಒಳಗಿನ ಸೂಚನೆ ಹೊಳೆಯಿತು. ವ್ಹಾ! ದೊಡ್ಡ ಅಧಿಕಾರಿಗಳು ಬರೆಯುವ ರೀತಿಯೇ ಬೇರೆ. ನಾನು ಎಲ್ಲ ಬಿಚ್ಚಿ ಬರೆದೆ, ತಾವು ಅದರ ಸುದ್ದಿಯನ್ನೇ ಎತ್ತದೆ, ‘ಸಮಿತಿಯ ಮುಂದೆ ಬೆಟಗೇರಿ ಅನ್ನಿಸಿರಿ’ ಎಂದು ಎರಡು ಸಾಲಿನ ನಡುವೆ ಬಡಿಸಿದಿರಿ. ಕಾಗದದಲ್ಲಿ ಬರೆದದ್ದನ್ನು ಸರ್ಕಾರಿ ನೌಕರರಿಗೆ ಹೇಗೆ ತಿದ್ದಲು ಬರುತ್ತದೆ? ಐ ಅಂಡರ್‌ಸ್ಟ್ಯಾಂಡ್ ಪರ್ಫೆಕ್ಟ್ಲಿ.

ಇದರ ಜೊತೆ ಸಂಗಪ್ಪನಿಗೊಂದು ಚೀಟಿ ಇಟ್ಟಿದ್ದೇನೆ. ‘ಲೇ ಸಂಗಾ, ಊರು ಕೇಳಿದರೆ ಬೆಟಗೇರಿ ಅನ್ನು. ಹಟ ಮಾಡಬೇಡ. ಮನೆ ತುಂಬ ಮಂದಿ ನಿನ್ನ ದಾರಿ ಕಾಯುತ್ತಿದ್ದಾರೆ’ ಎಂದು ಬರೆದಿದ್ದೇನೆ. ಮಾಸ್ತರ ಕುಲ, ಹಟದ ಜಾತಿ. ಒಮ್ಮೆ ಶಾಲೆಯ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಾಗ ಅವರು ಹೇಳಿದ ನದಿಯ ಹುಟ್ಟು ತಪ್ಪೆಂದು ಹುಡುಗರ ಮುಂದೆ ನಕಾಶೆ ಬಿಡಿಸಿ ತೋರಿಸಿದ್ದ.

ಇಲ್ಲಿಯ ಸುದ್ದಿ. ಸ್ವರಾಜ್ಯ ಬಂತು. ಗದಗಿನಲ್ಲಿ ಪೇಡೆ ಹಂಚಿದರಂತೆ. ನಮಗೆ ಇನ್ನೂ ರಾಜರೇ. ಮುಂಡರಗಿಯ ಕಡೆಗೆ ಹೊಳೆ ದಾಟಿ ಗಂಟುಮೂಟೆ ಹೊತ್ತ ಮಂದಿ ಬರುತ್ತಿದ್ದಾರೆ, ನಿಜಾಮನ ಸೀಮೆಯಲ್ಲಿ ಗದ್ದಲವಂತೆ. ನಾನು ರೊಟ್ಟಿ ಬಡಿಯಲು ಕಲಿತೆ. ನಿನ್ನೆ ಜನ್ನತಬಿ ಒಳಗೆ ಬಂದು ತಟ್ಟೆ ನೋಡಿ, “ಯಪ್ಪಾ ದೇವರ! ಸಾವಕಾರ್ರ, ಇದೇನು ರೊಟ್ಟಿಯೋ, ಹಿಂದೂಸ್ತಾನದ ನಕಾಶಿಯೋ? ಆ ಮಗ್ಗಲ ಹರದ್ ಪಾಕಿಸ್ತಾನ ಆಗೇತಿ ನೋಡ್ರಿ” ಎಂದು ನಕ್ಕಳು. ಆಕೆ ಹೋದ ಮೇಲೆ ಆ ತುಂಡನ್ನೂ ತಿಂದೆ. ಬಹಳ ಹೊತ್ತು ಹಿಡಿಯಿತು ತಿನ್ನಲಿಕ್ಕೆ. ಅದು ಬಿಡಿ. ನಾನು ಸುಖವಾಗಿದ್ದೇನೆ.

ದೇವೇಂದ್ರಪ್ಪ


ವೈದ್ಯರ ಬಿಡಾರ
ತಾ. ೨೨ ಡಿಸೆಂಬರ್ ೧೯೪೭

ಶ್ರೀ ದೇವೇಂದ್ರಪ್ಪನವರಿಗೆ,

ನೀವು ಯಾವ ಸೂಚನೆಯ ಮಾತು ಬರೆದಿದ್ದೀರೋ ನನಗೆ ತಿಳಿಯಲಿಲ್ಲ. ರೋಗಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸುವುದು ಸರಿಯಲ್ಲ. ಚೀಟಿ ಕೊಟ್ಟದ್ದು ನನ್ನ ತಪ್ಪು.

ಸಮಿತಿಯವರು ಊರು ಕೇಳಿದಾಗ ಸಂಗಪ್ಪನವರು ಎದ್ದುನಿಂತು ಹೇಳಿದರು: “ನನ್ನ ಊರು ಲಕ್ಷ್ಮೇಶ್ವರ್ರಿ. ಆದ್ರ ಬೆಟಗೇರಿ ಅನ್ನು ಅಂತ ಭಾವ ಬರದಾರ. ಹಿರೇರ ಮಾತು. ಹಂಗಾಗಿ ಬೆಟಗೇರಿ.” ಅಧ್ಯಕ್ಷರು ಮರಾಠಿಯವರು. ನಾನು ಅನುವಾದ ಮಾಡಿ ಹೇಳಿದೆ. ‘ಎರಡೂ ಊರು ತನ್ನದೆನ್ನುತ್ತಾನೆ, ಸ್ಥಿತಿ ಮೊದಲಿಗಿಂತ ಕೆಟ್ಟಿದೆ’ ಎಂದು ಬರೆಸಿದರು. ಮುಂದಿನ ವಿಚಾರಣೆ ಜುಲೈಗೆ ಹೋಯಿತು.

ಇನ್ನೊಂದು ಸಂಗತಿ. ಚೀಟಿಯನ್ನು ಅವರು ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಕ್ಕನಿಗೆ ಬರಹ ಬರುವುದಿಲ್ಲ. ಮನೆಯಿಂದ ಯಾವ ಕಾಗದ ಬಂದರೂ ಮೂಲೆಯಲ್ಲಿ ಆಕೆ ಅರಿಶಿನದ ಹೆಬ್ಬೆರಳು ಒತ್ತಿರುತ್ತಿದ್ದಳಂತೆ. “ಇದರಾಗ ಅಕ್ಕ ಯಾಕ ಒತ್ತಿಲ್ರಿ?” ಎಂದು ಕೇಳಿದರು. ‘ನಿಮ್ಮ ಭಾವನವರನ್ನೇ ಕೇಳಬೇಕು’ ಎಂದು ಜಾರಿಕೊಂಡೆ. ಅಂದಿನಿಂದ ಮಗ್ಗದ ಶೆಡ್ಡಿಗೆ ಹೋಗಿಲ್ಲ. ಕಿಟಕಿಯ ಬಳಿ ಕೂಡುತ್ತಾರೆ.

ಇದನ್ನು ಮುಚ್ಚಿಡುವುದು ಅವರಿಗೆ ಒಳ್ಳೆಯದಲ್ಲ. ಒಪ್ಪಿಗೆ ಕೊಡಿ, ನಾನು ಹೇಳುತ್ತೇನೆ. ಅಥವಾ ನೀವೇ ಬನ್ನಿ. ಎರಡೂವರೆ ವರ್ಷದಲ್ಲಿ ಅವರನ್ನು ನೋಡಲು ಯಾರೂ ಬಂದಿಲ್ಲ.

ದ. ಹಳದೀಪುರ


ಬೆಟಗೇರಿ
ತಾ. ೧೯ ಫೆಬ್ರುವರಿ ೧೯೪೮

ಡಾಕ್ಟರ್ ಸಾಹೇಬರಿಗೆ,

ಉತ್ತರ ತಡವಾಯಿತು. ಕಾಲು ನೋವು. ಆಮೇಲೆ ದಿಲ್ಲಿಯ ಸುದ್ದಿ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಆಮೇಲೆ ಮುಂಡರಗಿಯ ದಾರಿಯಲ್ಲಿ ಗಲಾಟೆ ಎಂದರು. ಮುಂಡರಗಿ ನಮ್ಮ ದಾರಿಯಲ್ಲಿ ಇಲ್ಲ, ಆದರೂ ಮನೆಯವರು ಹೊರಡಗೊಡಲಿಲ್ಲ. ನಾನೇ ಬರಬೇಕೆಂದಿದ್ದೇನೆ. ಬಂದೇ ಬರುತ್ತೇನೆ. ಅಲ್ಲಿಯವರೆಗೆ ದಯಮಾಡಿ ಹೇಳಬೇಡಿ. ಅಕ್ಕ ಇಲ್ಲವೆಂದು ತಿಳಿದರೆ ಅವನು ಬದುಕಲಾರ. ನನಗೆ ಅವನ ಸ್ವಭಾವ ಗೊತ್ತು.

ಸುಮಿತ್ರವ್ವ ಇದ್ದಾಗ ಬರೆಸಿ, ಕಳಿಸಲು ಮರೆತ ಒಂದು ಹಳೆಯ ಕಾಗದ ಪೆಟ್ಟಿಗೆಯಲ್ಲಿ ಸಿಕ್ಕಿತು. ಇದರಲ್ಲಿ ಇಟ್ಟಿದ್ದೇನೆ. ಮೂಲೆಯಲ್ಲಿ ಅರಿಶಿನ ಇದೆ. ಅವನಿಗೆ ಕೊಡಿ. ಸಮಾಧಾನ ಆಗುತ್ತದೆ.

ಎಲ್ಲರೂ ಸೌಖ್ಯ.

ದೇವೇಂದ್ರಪ್ಪ


ವೈದ್ಯರ ಬಿಡಾರ
ತಾ. ೧೪ ಮಾರ್ಚ್ ೧೯೪೮

ಪ್ರಿಯ ದೇವೇಂದ್ರಪ್ಪನವರೇ,

ಕಾಗದವನ್ನು ಕೊಟ್ಟೆ. ಕೊಡಬಾರದಿತ್ತೋ ಏನೋ. ಅವರು ಅಕ್ಷರವನ್ನು ಓದಲೇ ಇಲ್ಲ. ಮೂಲೆಯ ಅರಿಶಿನದ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ನೋಡಿದರು. ಆಮೇಲೆ ಅಂದರು: “ಇದು ಭಾವನ ಹೆಬ್ಬಟ್ಟು ನೋಡ್ರಿ. ಅಕ್ಕನ ಬಟ್ಟು ಇಷ್ಟ ಅಗಲ ಇಲ್ಲ. ಅಕ್ಕ ಇದ್ದಿದ್ರ ಭಾವ ಯಾಕ ಒತ್ತತಿದ್ರು?” ಕಾಗದ ಮಡಚಿ, “ಯಾವಾಗ ಹೋದಳ್ರಿ?” ಎಂದರು.

ನಾನು ಹೇಳಿದೆ. ಯುಗಾದಿಯ ಹಿಂದಿನ ವಾರ, ಜ್ವರದಿಂದ.

ಅವರು ಕಿರುಚಲಿಲ್ಲ. ನಲ್ಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರು. ಆ ದಿನ ಊಟ ಮಾಡಲಿಲ್ಲ, ಮರುದಿನ ಮಾಡಿದರು. ಅತ್ತರು, ಅಳಬೇಕಾದಷ್ಟು. ಮೂರನೆಯ ದಿನ ತಾವಾಗಿ ಮಗ್ಗದ ಶೆಡ್ಡಿಗೆ ಹೋದರು. ಹೆಬ್ಬೆರಳಿನ ಒಂದು ಗುರುತಿನಿಂದ ಇಷ್ಟನ್ನು ತಿಳಿಯುವವನಿಗೆ ತನ್ನ ಊರು ತಿಳಿಯದೇ ಎಂದು ಮನಸ್ಸಿಗೆ ಚುಚ್ಚಿತು. ನಿನ್ನೆ ಕುಳಿತು ನಿಮ್ಮ ಮೊದಲ ಪತ್ರವನ್ನು ಪೂರ್ತಿ ಓದಿದೆ.

ನಿಮ್ಮ ಎಮ್ಮೆ ಮರಳಿ ಬಂತೇ?

ಊರಿನ ವಿಷಯದಲ್ಲಿ ಅವರ ಮಾತು ಸರಿಯೆಂದು ಸಮಿತಿಗೆ ಬರೆದಿದ್ದೇನೆ. ನೀವು ಅದಕ್ಕಾಗಿ ಏನೂ ಮಾಡಬೇಕಾಗಿಲ್ಲ.

ಒಂದು ಪ್ರಶ್ನೆ. ಸಂಗಪ್ಪನವರು ಎರಡು ಸಲ ಕೇಳಿದರು: “ಅಕ್ಕನ ಮೈಮ್ಯಾಲ ತವರ ಸೀರಿ ಯಾರ್ ಹಾಕಿದ್ರಂತ್ರಿ?” ಅದರ ಅರ್ಥ ನನಗೆ ಸರಿಯಾಗಿ ಆಗಲಿಲ್ಲ. ಆದರೆ ಅದನ್ನು ಕೇಳುವಾಗಿನ ಅವರ ಮುಖ ನೋಡಿ, ಉತ್ತರ ಬೇಕೇ ಬೇಕು ಅನ್ನಿಸಿತು.

ದತ್ತಾತ್ರೇಯ ಹಳದೀಪುರ


ಲಕ್ಷ್ಮೇಶ್ವರ
ತಾ. ೨೫ ಏಪ್ರಿಲ್ ೧೯೪೮

ಡಾಕ್ಟರ್ ಸಾಹೇಬರಿಗೆ ಶರಣಾರ್ಥಿ.

ಮೇಲೆ ನೋಡಿದಿರಾ? ಲಕ್ಷ್ಮೇಶ್ವರ ಎಂದೇ ಹಾಕಿದ್ದೇನೆ. ಹೋದ ತಿಂಗಳು ಮಿರಜದ ರಾಜ್ಯ ಮುಗಿಯಿತು, ಸಾಂಗಲಿಯದೂ ಮುಗಿಯಿತು. ಈಗ ನಾವೂ ಮುಂಬಯಿ ಪ್ರಾಂತ, ಧಾರವಾಡ ಜಿಲ್ಲೆ. ಈಗಲ್ಲವೇ ತಮಗೆ ಧೈರ್ಯವಾಗಿ ಊರು ತಿದ್ದಲು ಬಂದದ್ದು! ಎಲ್ಲಾ ಆ ವಿಲೀನದ ಪುಣ್ಯ. ಒಂದು ಉಪಕಾರ ಮಾಡಿ. ರಾಜರು ಹೋದರೆಂದು ಸಂಗಪ್ಪನಿಗೆ ತಿಳಿಸಿಬಿಡಿ. ಇಲ್ಲವಾದರೆ ಅವನು ಜುಲೈದಲ್ಲಿ ಊರಿನ ಪ್ರಶ್ನೆ ಗೆದ್ದು ರಾಜ್ಯದ ಪ್ರಶ್ನೆಯಲ್ಲಿ ಸೋಲುತ್ತಾನೆ. ಎಮ್ಮೆ ಬಂತು. ಸಣ್ಣಗಾಗಿದೆ.

ಸೀರೆಯ ಮಾತು. ನಮ್ಮಲ್ಲಿ ಮುತ್ತೈದೆ ಹೋದರೆ ಮೈಮೇಲೆ ಕಡೆಗೆ ತವರಿನ ಸೀರೆ ಬೀಳಬೇಕು. ಅದು ಬರುವ ತನಕ ಎತ್ತುವುದಿಲ್ಲ. ಆ ದಿನ ಹಿರಿಯರು ಅಂಗಳದಲ್ಲಿ ಕುಳಿತು, “ತವರಿಂದ ಯಾರ್ ಬರೂರದಾರ?” ಎಂದರು. ಸುಮಿತ್ರವ್ವನಿಗೆ ತವರು ಅಂದರೆ ಸಂಗಪ್ಪ ಒಬ್ಬ. ನಾನೇ ಒಂದು ಸೀರೆ ತಂದು ಹಾಕಬಹುದಿತ್ತು; ಗಂಡ ತಂದದ್ದು ತವರಿನದಾಗುವುದಿಲ್ಲ. ಹೊತ್ತು ಏರಿತು. ಯಾರೂ ಏಳಲಿಲ್ಲ.

ಆಗ ಜನ್ನತಬಿ ತನ್ನ ಮನೆಯೊಳಗಿಂದ ಮಡಿಕೆ ಮುರಿಯದ ಹಸಿರು ಸೀರೆ ತಂದಳು. ಮಗಳ ಲಗ್ನಕ್ಕೆಂದು ಅವಳ ಅಣ್ಣ ನಜೀರಸಾಬ ನೇಯ್ದುಕೊಟ್ಟದ್ದು. ಹಿರಿಯರಲ್ಲೊಬ್ಬರು, “ನೀ ಯಾವ ತವರಾಕೆವಾ? ಎಲ್ಲಿ ಸೀರಿ ಇದು?” ಎಂದರು. ಅವಳು ಸೆರಗು ಸರಿಮಾಡಿಕೊಂಡು ಅಂದಳು: “ಬೆಟಗೇರಿದ್ರಿ. ಸರಕಾರದ ಕಾಗದದಾಗ ಸಂಗಪ್ಪ ಮಾಸ್ತರನ ಮನಿ ಬೆಟಗೇರ್ಯಾಗ ಐತಿ. ಆ ಮನ್ಯಾಗ ನೇಯ್ದ ಸೀರಿ ಇದು. ತವರಿಂದಲ್ಲ ಅಂತ ಯಾರರ ಹೇಳ್ರಿ ನೋಡೂಣು!”

ಆ ಸೀರೆಯಲ್ಲೇ ಮಣ್ಣು ಕೊಟ್ಟೆವು.

ಇದನ್ನು ಅವನಿಗೆ ಓದಿ ಹೇಳಿ. ಅವನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಈಗ ಅವನಿಗೆ ಊಟಕ್ಕೆ ಏನು ಸೇರುತ್ತದೆ? ಮೊದಲು ಪುಂಡಿಪಲ್ಯ ಅಂದರೆ ಪ್ರಾಣ.

ಹೆಬ್ಬೆರಳಿನ ವಿಷಯ ಅವನು ಮತ್ತೇನಾದರೂ ಅಂದನೇ?

ದೇವೇಂದ್ರಪ್ಪ


ವೈದ್ಯರ ಬಿಡಾರ
ತಾ. ೧೮ ಜುಲೈ ೧೯೪೮

ಪ್ರಿಯ ದೇವೇಂದ್ರಪ್ಪನವರೇ,

ಸಂಗಪ್ಪನವರ ಬಿಡುಗಡೆಗೆ ಸಮಿತಿ ಒಪ್ಪಿದೆ. ‘ಈಗ ಯಾರ ಆಳ್ವಿಕೆ?’ ಎಂದು ಅಧ್ಯಕ್ಷರು ಕೇಳಿದಾಗ ಅವರು, “ರಾಜರು ಹೋದ್ರು ಅಂತ ಡಾಕ್ಟರ್ರು ಹೇಳಿದ್ರು. ನಾ ಕಣ್ಣಿಲೆ ನೋಡಿಲ್ರಿ. ಆದ್ರ ಡಾಕ್ಟರ್ರು ಈಗೀಗ ಖರೇ ಹೇಳ್ತಾರ” ಎಂದರು. ಕೊನೆಯ ವಾಕ್ಯವನ್ನು ನಾನು ಮರಾಠಿಗೆ ತರಲಿಲ್ಲ.

ನಿಮಗೆ ಹೇಳಲು ಕಷ್ಟವಾದ ಮಾತು ಇನ್ನು ಮುಂದಿದೆ. ಬಿಡುಗಡೆಯ ಕಾಗದಕ್ಕೆ ಊರಿನ ಹೆಸರು ಬೇಕು. ಲಕ್ಷ್ಮೇಶ್ವರ ಎಂದು ತಿದ್ದಿಸಲು ನಾನು ನಾಲ್ಕು ತಿಂಗಳು ಹೆಣಗಿದ್ದೆ. ನಿಮ್ಮ ಸೀರೆಯ ಪತ್ರವನ್ನು ಅವರು ತಾವೇ ಓದಿಕೊಂಡಿದ್ದರು. ಕಾಗದ ಮುಂದಿಟ್ಟಾಗ ಹೇಳಿದರು: “ಮೊದಲ ಬರಸಿದ್ದ ಇರ್ಲಿ ಬಿಡ್ರಿ. ಬೆಟಗೇರಿ ಬರೀರಿ.” ಯಾಕೆ ಎಂದೆ. “ಅಕ್ಕ ಇಲ್ಲದ ಭಾವನ ಮನ್ಯಾಗ ನಾ ಯಾರ್ರಿ? ಅಕ್ಕನ ಮೈಮ್ಯಾಲಿನ ಸೀರಿ ಯಾವ ಮನಿಂದ ಹೋತೋ ಆ ಮನಿ ನಂದು. ನನಗ ಮಗ್ಗ ಬರ್ತೈತಿ. ನಜೀರಸಾಬ ಬ್ಯಾಡ ಅನ್ನೂದಿಲ್ಲ.”

ನಾನು ಬಹಳ ಮಾತಾಡಿ ನೋಡಿದೆ. ಅದು ಬೇನೆಯ ಮಾತಲ್ಲ. ಸ್ವಸ್ಥನಾದವನು ಎಲ್ಲಿಗೆ ಹೋಗಬೇಕೆಂದು ಹೇಳುವ ಅಧಿಕಾರ ನನ್ನ ಕೆಲಸದಲ್ಲಿಲ್ಲ. ಬೆಟಗೇರಿ ಎಂದು ಬರೆದಿದ್ದೇನೆ.

ಕರೆದೊಯ್ಯಲು ಹತ್ತಿರದವರೊಬ್ಬರು ಬಂದು ಸಹಿ ಮಾಡಬೇಕು. ನೀವೇ ಬಂದರೆ ಅವರ ಮನಸ್ಸು ತಿರುಗೀತು. ಆಗಸ್ಟ್ ಮೊದಲ ವಾರ ಬನ್ನಿ. ನನ್ನ ಬಿಡಾರದಲ್ಲೇ ಇಳಿದುಕೊಳ್ಳಿ. ಎರಡು ಕೋಣೆ ಖಾಲಿ ಇವೆ. ಈ ಊರಿನಲ್ಲಿ ನನ್ನೊಡನೆ ಕನ್ನಡ ಆಡುವವರು ಸಂಗಪ್ಪನವರು ಒಬ್ಬರೇ. ಸಂಜೆ ಸುತ್ತು ಮುಗಿಸಿ ಅವರ ಮಗ್ಗದ ಬಳಿ ನಿಲ್ಲುವುದು ರೂಢಿಯಾಗಿದೆ.

ದತ್ತಾತ್ರೇಯ ಹಳದೀಪುರ


ಲಕ್ಷ್ಮೇಶ್ವರ
ತಾ. ೫ ಡಿಸೆಂಬರ್ ೧೯೪೮

ಡಾಕ್ಟರ್ ಸಾಹೇಬರಿಗೆ ಶರಣಾರ್ಥಿ.

ಆಗಸ್ಟಿನಲ್ಲಿ ನಾನು ಬರಲಿಲ್ಲ, ನಜೀರಸಾಬ ಬಂದ. ಕಾಲು ನೋವೆಂದು ತಮಗೆ ತಿಳಿಸಲು ಅವನಿಗೆ ಹೇಳಿದ್ದೆ. ಕಾಲು ನೆಟ್ಟಗಿದೆ. ಗದಗಿನ ಸ್ಟೇಶನ್ನಿಗೆ ಇಬ್ಬರೂ ಹೋಗಿದ್ದೆವು. ಗಾಡಿ ಬಂತು. ಅವನು ಹತ್ತಿ, ಕಿಟಕಿಯಿಂದ ಕೈ ಚಾಚಿ, “ಬರ್ರಿ ಸಾವಕಾರ್ರ, ಏಳ್ರಿ” ಎಂದು ಕೂಗುತ್ತಿದ್ದ. ನಾನು ಬೆಂಚಿನ ಮೇಲೆ ಕುಳಿತೇ ಇದ್ದೆ. ಸಂಗಪ್ಪನ ಮುಂದೆ ನಿಂತು ಏನೆಂದು ಮಾತು ತೆಗೆಯಲಿ? ಗಾಡಿ ಹೋಯಿತು. ಟಿಕೀಟು ಕೈಯಲ್ಲೇ ಉಳಿಯಿತು.

ಈಗ ಸಂಗಪ್ಪ ಬೆಟಗೇರಿಯಲ್ಲಿ ನೇಯುತ್ತಾನೆ. ಊರು ಕೇಳಿದವರಿಗೆ ಬೆಟಗೇರಿ ಅನ್ನುತ್ತಾನಂತೆ. ಸೆಪ್ಟೆಂಬರಿನಲ್ಲಿ ಮುಂಡರಗಿಯ ಆಚೆ ನಿಜಾಮನ ರಾಜ್ಯವೂ ಮುಗಿಯಿತು. ಈಗ ನಮ್ಮ ಸುತ್ತ ಎಲ್ಲಿ ಹೋದರೂ ಒಂದೇ ಸರ್ಕಾರ. ಒಂದು ಮೋಟಾರು ಹತ್ತಿದರೆ ಅವನ ಮನೆ. ಆದರೂ ನಾನು ಹೋಗಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಅವನೇ ಬಂದ. ಮೈ ತುಂಬಿಕೊಂಡಿದ್ದಾನೆ, ಕಿವಿಯ ಬಳಿ ಕೂದಲು ಬೆಳ್ಳಗಾಗಿದೆ. ಅಕ್ಕನನ್ನು ಇಟ್ಟ ಜಾಗ ತೋರಿಸಿ ಎಂದ. ಅಲ್ಲಿ ಕುಳಿತು ಮಣ್ಣಿನ ಮೇಲಿನ ಹುಲ್ಲನ್ನು ಒಂದೊಂದಾಗಿ ಕಿತ್ತ. ಮನೆಗೆ ಬಂದು ಒಳಗೆ ಕರೆದರೆ ಪಡಸಾಲೆಯಲ್ಲೇ ಕುಳಿತ. ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ ಹಾಕಿದೆ. ಉಂಡ. ಉಣ್ಣುತ್ತ ಅಡುಗೆಮನೆಯ ಕಡೆ ನೋಡಿ, “ಮನಿ ತುಂಬ ಮಂದಿ ಅದಾರ ಅಂತ ಬರದಿದ್ರಿ. ಎಲ್ಲಿ ಅದಾರ್ರಿ ಭಾವ?” ಎಂದ.

“ಬರತಾರ, ಹೋಗತಾರ” ಎಂದೆ.

“ಉಣ್ಣಾಕ ಒಂದ ಗಂಗಾಳ ಐತಿ, ಕುಡ್ಯಾಕ ಒಂದ ತಂಬಗಿ ಐತಿ.”

ನಾನು ಇನ್ನೊಂದು ರೊಟ್ಟಿ ಹಾಕಲು ಹೋದೆ. ಅವನು ಕೈ ಅಡ್ಡ ಹಿಡಿದು, ಮೆಲ್ಲಗೆ, ಶಾಲೆಯಲ್ಲಿ ತಪ್ಪಿದ ಹುಡುಗನಿಗೆ ಹೇಳುವಂತೆ ಹೇಳಿದ: “ಅಕ್ಕಗ ಆರಾಮ ಇಲ್ಲ ಅಂತ ಒಂದ ಸಾಲ ಬರದಿದ್ರ ಸಾಕಿತ್ತು. ಹುಚ್ಚರಿಗೆ ಖರೇ ಸುದ್ದಿ ಕಳಸಬಾರದು ಅಂತ ನಿಮಗ ಯಾರ್ ಹೇಳಿದ್ರು?”

ಯಾರೂ ಹೇಳಿರಲಿಲ್ಲ. ಸಂಜೆಯ ಮೋಟಾರಿಗೆ ಹೊರಟ. ನಿಲ್ದಾಣದ ತನಕ ಹಿಂದೆ ಹೋದೆ. “ಮತ್ತ ಯಾವಾಗ ಬರತೀಯೋ ಸಂಗಾ?” ಎಂದೆ. ಮೆಟ್ಟಿಲ ಮೇಲೆ ನಿಂತು, “ಕಾಗದ ಬರೀರಿ. ನೋಡೂಣು” ಎಂದ.

ಸಾಹೇಬರೇ, ತಮಗೆ ಬರೆಯಲು ಇನ್ನು ನನಗೆ ಕಾರಣವಿಲ್ಲ. ತಮ್ಮಲ್ಲಿ ನನ್ನ ರೋಗಿ ಯಾರೂ ಇಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಮೂರು ವಾರದಿಂದ ಅವನಿಗೆ ಕಾಗದ ಬರೆಯಲು ಕುಳಿತು ಏಳುತ್ತಿದ್ದೇನೆ. ಊರಿನ ಸುದ್ದಿ ಬರೆದೆ, ಹರಿದೆ. ಜೋಳದ ಫಸಲಿನ ಸುದ್ದಿ ಬರೆದೆ, ಹರಿದೆ. ನಾನು ಸುಖವಾಗಿದ್ದೇನೆ ಎಂದು ಕೈ ತಾನಾಗಿ ಬರೆಯಿತು, ಅದನ್ನೂ ಹರಿದೆ. ತಮಗೆ ಹಾಳೆಗಟ್ಟಲೆ ಬರೆದವನಿಗೆ ಅವನಿಗೊಂದು ಹಾಳೆ ತುಂಬಿಸಲು ಆಗಲಿಲ್ಲ.

ಈ ಮುಂಜಾನೆ ಒಂದು ಕಾರ್ಡು ತೆಗೆದುಕೊಂಡು ಬರೆದೆ. ಇಂಗ್ಲಿಷಿಲ್ಲ, ಏನಿಲ್ಲ. ‘ಸಂಗಾ, ಮನೆಗೆ ಯಾರೂ ಬರುವುದಿಲ್ಲ. ನಾನೊಬ್ಬನೇ ಇದ್ದೇನೆ. ಬಾ.’ ಅಷ್ಟೇ. ಯಾರ ಕೈಯಲ್ಲೂ ಕೊಡದೆ, ನಮ್ಮೂರ ಟಪಾಲು ಪೆಟ್ಟಿಗೆಗೆ ನಾನೇ ಹೋಗಿ ಹಾಕಿ ಬಂದೆ. ಬಂದು ಇದನ್ನು ಬರೆಯಲು ಕುಳಿತೆ.

ದೇವೇಂದ್ರಪ್ಪ